ಮೇಸ್ತ್ರಿ ಇಲ್ಲ

ನಮ್ಮ ಅಂಗಡಿಯಲ್ಲಿ ಇಲ್ಲದ ಮೇಸ್ತ್ರಿಯೊಬ್ಬರು ಇದ್ದರು. ಅವರನ್ನು ಹುಟ್ಟಿಸಿದ್ದೂ ಅಪ್ಪನೇ, ಸಾಯಿಸಿದ್ದೂ ಅಪ್ಪನೇ. ಹುಟ್ಟಿಸಿದ್ದು ಬೇಕೆಂತಲೇ, ಸಾಯಿಸಿದ್ದು ಮಾತ್ರ ಗೊತ್ತಿಲ್ಲದೆ.

ಅಪ್ಪನದು ಮೋಟಾರ್ ರಿವೈಂಡಿಂಗ್ ಅಂಗಡಿ. ಫ್ಯಾನು, ಮಿಕ್ಸಿ, ನೀರಿನ ಪಂಪು, ಏನೇ ಸುಟ್ಟರೂ ಒಳಗಿನ ಕರಕಲು ತಂತಿ ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತಿಕೊಡುವುದು ಅವನ ಕೆಲಸ. ಕೂರಲು ಒಂದು ಸ್ಟೂಲು, ಮೇಜಿಗೆ ಬಿಗಿದ, ಕೈಯಲ್ಲಿ ತಿರುಗಿಸಿ ತಂತಿ ಸುತ್ತುವ ಯಂತ್ರ, ವಾರ್ನಿಷ್ ಡಬ್ಬ, ಸುತ್ತಿದ್ದನ್ನು ಒಣಗಿಸಲು ಒಂದು ದೊಡ್ಡ ಬಲ್ಬು. ಯಜಮಾನ, ಕೆಲಸಗಾರ, ಕಸ ಗುಡಿಸುವವನು ಎಲ್ಲಾ ಅಪ್ಪನೇ. ಶಾಲೆ ಬಿಟ್ಟ ಮೇಲೆ ನಾನು ಮೂಲೆಯಲ್ಲಿ ಕೂತು ಇನ್ಸುಲೇಷನ್ ಪೇಪರ್ ಕತ್ತರಿಸುತ್ತಿದ್ದೆ. ಗಿರಾಕಿಗಳು ನನ್ನನ್ನು ಗಮನಿಸುತ್ತಿರಲಿಲ್ಲ. ನನಗೆ ಬೇಕಾಗಿದ್ದೂ ಅದೇ.

ಹೇಳಿದ ದಿನ ಕೆಲಸ ಮುಗಿಯದಿದ್ದಾಗ ಅಪ್ಪ ಗಿರಾಕಿಗೆ ಒಂದೇ ಉತ್ತರ ಕೊಡುತ್ತಿದ್ದ.

"ಮೇಸ್ತ್ರಿ ಇಲ್ಲ. ನಾಳೆ ಬನ್ನಿ."

ಹೀಗೆ ಹುಟ್ಟಿದ ಮೇಸ್ತ್ರಿ ಬರಬರುತ್ತಾ ಬಹಳ ಉಪಕಾರಿಯಾದರು. ಯಾರಾದರೂ ಕೂಗಾಡುತ್ತಾ ಬಂದರೆ ಅಪ್ಪನೂ ಅವರ ಜೊತೆ ಸೇರಿ ಕೂಗಾಡುತ್ತಿದ್ದ. "ನಾನೂ ಅದನ್ನೇ ಬಡ್ಕೊಂಡೆ ಸಾರ್, ಮೇಸ್ತ್ರಿ ನನ್ನ ಮಾತು ಕೇಳಬೇಕಲ್ಲ!" ಕೊನೆಗೆ ಗಿರಾಕಿಗೇ ಅಪ್ಪನ ಮೇಲೆ ಕನಿಕರ ಹುಟ್ಟುತ್ತಿತ್ತು. "ಪಾಪ, ಇಂಥವನ ಕೈಕೆಳಗೆ ಹೇಗ್ರೀ ಕೆಲಸ ಮಾಡ್ತೀರಿ?" ಎಂದು ಸಮಾಧಾನ ಹೇಳಿ ಹೋಗುತ್ತಿದ್ದರು. ನಮ್ಮ ಬೀದಿಯವರಿಗೆ ಗುಟ್ಟು ಗೊತ್ತಿತ್ತು. ಹೊಸಬರಿಗೆ, ಕಟ್ಟಡದ ಓನರ್ರಿಗೆ ಗೊತ್ತಿರಲಿಲ್ಲ.

ದೂರುಗಳು ಬರುತ್ತಿದ್ದುದಕ್ಕೂ ಕಾರಣವಿತ್ತು. ಅಪ್ಪ ಎಡಚ. ಯಂತ್ರದ ಹಿಡಿಯನ್ನು ಎಡಗೈಯಲ್ಲಿ ಹಿಡಿದು ತನ್ನ ಕಡೆಗೆ ತಿರುಗಿಸುವುದು ಅವನ ರೂಢಿ. ಆದ್ದರಿಂದ ತಂತಿ ಉಲ್ಟಾ ಸುತ್ತಿಕೊಳ್ಳುತ್ತಿತ್ತು. ಕೊನೆಯಲ್ಲಿ ಎರಡು ತಂತಿಗಳನ್ನು ಅದಲು ಬದಲು ಮಾಡಿ ಬೆಸೆದರೆ ಎಲ್ಲಾ ಸರಿಹೋಗುತ್ತದೆ. ಅಪ್ಪ ಅದನ್ನು ಮರೆಯುತ್ತಿದ್ದ. ನಮ್ಮ ಬೀದಿಯ ಅರ್ಧ ಫ್ಯಾನುಗಳು ಒಂದಲ್ಲ ಒಂದು ಬೇಸಿಗೆಯಲ್ಲಿ ಗಾಳಿಯನ್ನು ಸೂರಿನ ಕಡೆಗೆ ಬೀಸಿ, ಹಲ್ಲಿಗಳಿಗೆ ತಂಪು ಮಾಡಿವೆ. ಹಾಗಾಗಿ ಬೀದಿಯಲ್ಲಿ ಅಪ್ಪನ ಹೆಸರು ಉಲ್ಟಣ್ಣ.

ಆ ವರ್ಷ ಕಟ್ಟಡದ ಓನರ್ರು ದಿನಾ ಬೆಳಿಗ್ಗೆ ಟೇಪು ಹಿಡಿದು ಬರತೊಡಗಿದರು. ನಮ್ಮ ಸಾಲನ್ನು ಕೆಡವಿ ಕಾರು ನಿಲ್ಲಿಸುವ ಜಾಗ ಮಾಡುವ ಯೋಚನೆ ಅವರದು. ಬಂದವರು ನಮಸ್ಕಾರ ಕೂಡ ಹೇಳದೆ ಅಪ್ಪನ ಬೆನ್ನ ಹಿಂದಿನ ಗೋಡೆ ಅಳೆಯುತ್ತಿದ್ದರು.

"ಸ್ವಲ್ಪ ಬಗ್ಗಿ," ಅನ್ನುತ್ತಿದ್ದರು. ಅಪ್ಪ ಬಗ್ಗುತ್ತಿದ್ದ.

"ಓನರ್ರೇ, ನಾನು ಎಲ್ಲಿಗೆ ಹೋಗ್ಲಿ?"

"ನಿಮ್ಮ ಜಾಗದಲ್ಲಿ ಒಂದು ಕಾರು ಬರುತ್ತೆ. ಸಣ್ಣದು," ಅನ್ನುತ್ತಿದ್ದರು, ಅದರಿಂದ ಅಪ್ಪನಿಗೆ ನೆಮ್ಮದಿಯಾಗಬೇಕು ಅನ್ನುವ ಹಾಗೆ.

ಮನೆಯಲ್ಲಿ ಅಮ್ಮ ಊಟ ಬಡಿಸುವಾಗಲೆಲ್ಲ ಒಂದೇ ಮಾತು. "ಅಂಗಡಿ ಹೋದ್ರೆ ಏನ್ರೀ ಮಾಡ್ತೀರಿ? ನಿಮಗೆ ಸುತ್ತೋದು ಬಿಟ್ಟು ಬೇರೇನು ಬರುತ್ತೆ? ಅದೂ ಉಲ್ಟಾ!" ಅಪ್ಪ ತಟ್ಟೆ ನೋಡುತ್ತಾ ಕೂರುತ್ತಿದ್ದ. ಬೇರೆ ಏನೂ ಬರುವುದಿಲ್ಲ ಅನ್ನುವುದು ಅವನಿಗೂ ಗೊತ್ತಿತ್ತು.

ಇಂಥ ಹೊತ್ತಿನಲ್ಲಿ ಎದುರಿನ ಸಲೂನಿನವನು ಗಿಟಾರು ಹೊತ್ತುಕೊಂಡು ಬಂದ.

ಅವನ ಅಂಗಡಿಯ ಅಟ್ಟದ ಮೇಲೆ ಯಾವ ಕಾಲದಿಂದಲೋ ಬಿದ್ದಿದ್ದ ಕರೆಂಟಿನ ಗಿಟಾರು ಅದು. ಕೆಂಪು ಬಣ್ಣ ಒಡೆದು ಜೇಡನ ಬಲೆಯ ಹಾಗೆ ಬಿರುಕುಬಿಟ್ಟಿತ್ತು. ತಲೆಯ ಮೇಲೆ ಕಂಪನಿಯ ಹೆಸರಿನ ತಗಡು ಇದ್ದ ಜಾಗದಲ್ಲಿ ಎರಡು ತೂತು ಮಾತ್ರ ಉಳಿದಿದ್ದವು.

"ಉಲ್ಟಣ್ಣ, ಇದು ಮಾತಾಡಲ್ಲ. ನೋಡು ಸ್ವಲ್ಪ," ಅಂದ ಸಲೂನಿನವನು. "ಗೋಡೆಗೆ ನೇತುಹಾಕ್ತೀನಿ. ಕ್ಷೌರಕ್ಕೆ ಬಂದ ಹುಡುಗರು ಟುಂಯ್ ಅಂತ ಮೀಟ್ಲಿ."

"ನಾನು ಗಿಟಾರ್ ಮುಟ್ಟಿಲ್ಲ ಕಣೋ."

"ಅದಕ್ಕೇನು, ನೀನು ಫ್ಯಾನೂ ಸರಿಯಾಗಿ ಮುಟ್ಟಿಲ್ಲ."

ಅಪ್ಪನ ಮಾನಕ್ಕೆ ಪೆಟ್ಟಾಯಿತು. ಸ್ಕ್ರೂ ಬಿಚ್ಚಿ ನೋಡಿದ. ತಂತಿಗಳ ಕೆಳಗೆ ಸೋಪಿನಷ್ಟು ಉದ್ದದ ಒಂದು ಡಬ್ಬಿ, ಅದರೊಳಗೆ ಅಯಸ್ಕಾಂತ, ಅದರ ಸುತ್ತ ಕೂದಲಿನಷ್ಟು ತೆಳ್ಳಗಿನ ತಾಮ್ರದ ತಂತಿ. ಅದು ಎಲ್ಲೋ ತುಂಡಾಗಿತ್ತು. ಅಪ್ಪನ ಮುಖ ಅರಳಿತು. "ಅಯ್ಯೋ ಇದು ಕಾಯಿಲ್ಲು! ಕಾಯಿಲ್ ಅಂದ್ರೆ ಕಾಯಿಲ್ಲು. ಫ್ಯಾನಿಂದಾದ್ರೇನು, ಗಿಟಾರಿಂದಾದ್ರೇನು!"

ಅಷ್ಟು ತೆಳ್ಳಗಿನ ತಂತಿ ನಮ್ಮಲ್ಲಿರಲಿಲ್ಲ. ಒಂದು ಸತ್ತ ರೇಡಿಯೋದ ಒಳಗಿಂದ ಹಳೆಯ ತಂತಿ ಬಿಚ್ಚಿ ಅದನ್ನೇ ಸುತ್ತಿದ. ಎಡಗೈಯಲ್ಲಿ, ಉಲ್ಟಾ. ಮಧ್ಯೆ ಮಧ್ಯೆ ಬೀದಿಯಲ್ಲಿ ಹೋಗುವವರ ಜೊತೆ ಮಾತಾಡುತ್ತಾ ಸುತ್ತಿದ್ದರಿಂದ ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಹಳ್ಳ. ಕೊನೆಯ ಎಳೆಯನ್ನು ಕಟ್ಟಲು ದಾರ ಸಿಗದೆ, ಅಮ್ಮ ಹೊಲಿಯಲು ಇಟ್ಟಿದ್ದ ಲಂಗದಿಂದ ನೇರಳೆ ದಾರ ಎಳೆದು ಬಿಗಿದ. ಡಬ್ಬದ ತಳದ ಹಳೇ ವಾರ್ನಿಷ್ ಹಚ್ಚಿ, ಬಲ್ಬಿನ ಕೆಳಗೆ ಇಟ್ಟು ಮರೆತ. ತೆಗೆದಾಗ ಅದು ಸುಟ್ಟ ಸಕ್ಕರೆಯ ಬಣ್ಣಕ್ಕೆ ತಿರುಗಿತ್ತು.

ಸಲೂನಿನವನ ಸ್ಪೀಕರಿಗೆ ಸಿಕ್ಕಿಸಿದಾಗ ಗಿಟಾರು ಮಾತಾಡಿತು. ಹೇಗೆ ಅಂತ ಹೇಳಲಿ? ನೆಗಡಿಯಾದ ಎಮ್ಮೆ ಬಾವಿಯೊಳಗೆ ಬಿದ್ದು ತನ್ನವರನ್ನು ನೆನೆದ ಹಾಗೆ. ಸಲೂನಿನವನಿಗೆ ಇಷ್ಟವಾಯಿತು. ತಗೊಂಡು ಹೋಗಿ ಸ್ಪೀಕರಿನ ಸಮೇತ ಕನ್ನಡಿಯ ಪಕ್ಕ ನೇತುಹಾಕಿದ.

ಕೆಲವು ದಿನಗಳಾದ ಮೇಲೆ ಆ ಸಲೂನಿಗೆ ಗಡ್ಡ ಟ್ರಿಮ್ ಮಾಡಿಸಲು ಒಬ್ಬರು ಬಂದರು. ತಲೆಯ ಮುಂಭಾಗ ಬೋಳು, ಹಿಂದೆ ಉದ್ದ ಜುಟ್ಟು. ಹಳೆಯ ಗಿಟಾರುಗಳನ್ನು ಹುಡುಕಿ ಅವುಗಳ ಮೇಲೆ ಪುಸ್ತಕ ಬರೆಯುವವರಂತೆ. ಗೋಡೆಯ ಗಿಟಾರನ್ನು ಮೀಟಿದರು. ಎಮ್ಮೆ ಅಂಬಾ ಎಂದಿತು. ಜುಟ್ಟಿನವರು ಅರ್ಧ ಗಡ್ಡದಲ್ಲಿ ಎದ್ದು ನಿಂತರು. ಸ್ಕ್ರೂ ಬಿಚ್ಚಿಸಿ ಭೂತಗನ್ನಡಿ ಹಿಡಿದು ಒಳಗೆ ನೋಡಿದರು. ಆಮೇಲೆ ಕುತ್ತಿಗೆಗೆ ಕಟ್ಟಿದ್ದ ಬಿಳಿ ಬಟ್ಟೆಯ ಸಮೇತ ರಸ್ತೆ ದಾಟಿ ನಮ್ಮ ಅಂಗಡಿಗೆ ನುಗ್ಗಿದರು. ಹಿಂದೆ ಕತ್ತರಿ ಹಿಡಿದು ಸಲೂನಿನವನು.

"ಈ ಕಾಯಿಲ್ ಸುತ್ತಿದ್ದು ಯಾರು?" ಅವರ ದನಿ ನಡುಗುತ್ತಿತ್ತು.

ನಡುಗುವ ದನಿ ಅಂದರೆ ಅಪ್ಪನ ಅನುಭವದಲ್ಲಿ ಒಂದೇ ಅರ್ಥ. ಅವನು ತಲೆ ಎತ್ತದೆ ಹೇಳಿದ.

"ಮೇಸ್ತ್ರಿ ಸುತ್ತಿದ್ದು. ಮೇಸ್ತ್ರಿ ಇಲ್ಲ."

ಜುಟ್ಟಿನವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಇಲ್ಲ... ಅಂದ್ರೆ?"

"ಇಲ್ಲ ಅಂದ್ರೆ ಇಲ್ಲ ಸಾರ್."

"ಯಾವಾಗ ಹೋದ್ರು?"

"ಹೋಗಿ ತುಂಬಾ ಹೊತ್ತು... ತುಂಬಾ ಕಾಲ ಆಯ್ತು ಸಾರ್. ಬರೋ ಹಾಗೂ ಕಾಣಲ್ಲ."

ಜುಟ್ಟಿನವರು ಕುತ್ತಿಗೆಯ ಬಿಳಿ ಬಟ್ಟೆಯಿಂದ ಕಣ್ಣು ಒರೆಸಿಕೊಂಡರು. ಅದರಲ್ಲಿದ್ದ ಕೂದಲ ಚೂರು ಕಣ್ಣಿಗೆ ಹೋಗಿ ಇನ್ನಷ್ಟು ನೀರು ಬಂತು. "ಎಲ್ಲಿ ಕೂತು ಸುತ್ತುತ್ತಾ ಇದ್ರು?"

"ಇದೇ ಸ್ಟೂಲ್ ಮೇಲೆ."

"ಎಡಗೈಯಲ್ಲಿ?"

ಇಷ್ಟೆಲ್ಲ ಗೊತ್ತಿದ್ದರೆ ದೊಡ್ಡ ದೂರೇ ಇರಬೇಕು ಎಂದು ಅಪ್ಪನಿಗೆ ಗಾಬರಿಯಾಯಿತು. "ಎಡಗೈಯಲ್ಲೇ ಸಾರ್. ನಾನು ಎಷ್ಟು ಹೇಳಿದ್ರೂ ಕೇಳ್ಲಿಲ್ಲ."

"ಕೊನೆಗೆ ಏನಾದ್ರೂ ಹೇಳಿದ್ರಾ? ಕೊನೇ ಮಾತು?"

ಅಪ್ಪ ಯೋಚಿಸಿದ. ಮೇಸ್ತ್ರಿಯ ಬಾಯಲ್ಲಿ ಹಾಕಲು ಅವನ ಹತ್ತಿರ ಇದ್ದದ್ದು ಒಂದೇ ಮಾತು. "ನಾಳೆ ಬನ್ನಿ ಅಂದ್ರು."

"ನಾಳೆ ಬನ್ನಿ!" ಜುಟ್ಟಿನವರು ಪಿಸುಗುಟ್ಟಿದರು. "ಎಂಥಾ ಮನುಷ್ಯ!"

ಆಮೇಲೆ ಅವರು ನೆಲದ ಮೇಲೆಯೇ ಕೂತು ಕಥೆ ಹೇಳಿದರು. ಹಿಂದೆ ಒಂದು ರೇಡಿಯೋ ಕಾರ್ಖಾನೆಯಲ್ಲಿ ಎಡಗೈ ಮೇಸ್ತ್ರಿ ಅಂತ ಒಬ್ಬರಿದ್ದರಂತೆ. ಅಲ್ಲಿನ ಯಂತ್ರಗಳೆಲ್ಲ ಬಲಕ್ಕೆ ತಿರುಗಿದರೆ ಇವರು ಎಡಕ್ಕೆ ತಿರುಗಿಸುತ್ತಿದ್ದರಂತೆ. ಕಾರ್ಖಾನೆಯವರು ಹೊರಗೆ ಹಾಕಿದರು. ಆಮೇಲೆ ಮೇಸ್ತ್ರಿ ಮುರಿದ ಮಂಚ, ಬಾಗಿಲುಗಳ ಮರದಿಂದ ಗಿಟಾರು ಮಾಡತೊಡಗಿದರು. ಬೆರಳೆಣಿಕೆಯಷ್ಟು ಮಾಡಿದರು. ಅವುಗಳ ದನಿ ಕೇಳಿದ ಸಂಗೀತಗಾರರು ಊಟ ಬಿಟ್ಟರು, ಸಂಸಾರ ಬಿಟ್ಟರು. ದೊಡ್ಡ ಕಂಪನಿಯೊಂದು ಕಾರು ಕಳಿಸಿ ಕರೆಸಿತು. ಮೇಸ್ತ್ರಿ ಕಾರು ಹತ್ತಿದರು, ಮೊದಲನೇ ತಿರುವಿನಲ್ಲಿ ಇಳಿದರು, ಅಲ್ಲಿಂದ ಮುಂದೆ ಅವರನ್ನು ಕಂಡವರಿಲ್ಲ.

"ನನ್ನ ಅರ್ಧ ಆಯಸ್ಸು ಅವರನ್ನು ಹುಡುಕೋದರಲ್ಲೇ ಹೋಯ್ತು," ಅಂದರು ಜುಟ್ಟಿನವರು. "ಹೆಂಡತಿ ಒಂದು ದಿನ ಕೇಳಿದ್ಲು, ಮೇಸ್ತ್ರಿ ಬೇಕೋ ನಾನು ಬೇಕೋ ಅಂತ. ನಾನು ಯೋಚನೆ ಮಾಡ್ತಾ ಇದ್ದೆ. ತಲೆ ಎತ್ತಿ ನೋಡಿದ್ರೆ ಅವಳು ಹೋಗಿಯಾಗಿತ್ತು. ಉಲ್ಟಾ ಸುತ್ತು, ಈ ಗುಡ್ಡ, ಈ ಹಳ್ಳ! ಈ ನೇರಳೆ ದಾರ! ಇದು ಅವರ ಸಹಿ! ಈ ಜಾಗದ ಒಂದು ಇಟ್ಟಿಗೆ ಕೂಡ ಅಲ್ಲಾಡಬಾರದು!"

ಬಾಗಿಲಲ್ಲಿ ಗೋಡೆ ಅಳೆಯಲು ಬಂದು ನಿಂತಿದ್ದ ಓನರ್ರ ಟೇಪು ಸರ್‍ರನೆ ಒಳಗೆ ಸುತ್ತಿಕೊಂಡಿತು.

ಅಪ್ಪ ಬಾಯಿ ತೆರೆದ. ನಿಜ ಹೇಳಲು ಅಂತಲೇ ತೆರೆದದ್ದು, ನಾನು ಕಣ್ಣಾರೆ ನೋಡಿದೆ. ಆದರೆ ಓನರ್ರ ಮುಖ ಕಂಡು ಬಾಯಿ ಹಾಗೇ ಮುಚ್ಚಿಕೊಂಡಿತು. ಸಲೂನಿನವನೂ ಬಾಯಿ ತೆರೆದ. "ಈ ಗಿಟಾರನ್ನು ಕಾಪಾಡಿದ ಪುಣ್ಯಾತ್ಮ ನೀವೇ ತಾನೆ?" ಎಂದು ಜುಟ್ಟಿನವರು ಅವನ ಎರಡೂ ಕೈ ಹಿಡಿದರು. ಅವನ ಬಾಯಿಯೂ ಮುಚ್ಚಿಕೊಂಡಿತು.

ಸಂಜೆ ನನ್ನ ಸೋದರಮಾವ ಮನೆಗೆ ಬಂದ. ಅವನು ಅಮ್ಮನ ತಮ್ಮ, ಯಾವುದೋ ಕಚೇರಿಯಲ್ಲಿ ಗುಮಾಸ್ತ. ಅರ್ಜಿ ಅಂದರೆ ಅವನಿಗೆ ಹಬ್ಬ.

"ಭಾವ, ನೀವು ಒಂದೂ ಸುಳ್ಳು ಹೇಳಿಲ್ಲ," ಅಂದ. "ಮೇಸ್ತ್ರಿ ಇಲ್ಲ ಅಂದ್ರಿ. ಇದ್ದಾರಾ? ಇಲ್ಲ. ಇಲ್ಲದೋರು ಇಲ್ಲದ ಹಾಗೇ ಇರ್ಲಿ ಬಿಡಿ. ಅಂಗಡಿ ಉಳಿಯುತ್ತೆ."

"ಆದ್ರೂ ಅದು ನಾನು ಮೊನ್ನೆ ಸುತ್ತಿದ್ದಲ್ವೇನೋ."

"ಅಂಗಡಿ ಬೇಕಾ, ಮೊನ್ನೆ ಬೇಕಾ?"

ಅಮ್ಮ ಅಪ್ಪನ ತಟ್ಟೆಗೆ ಕೇಳದೆಯೇ ಇನ್ನೊಂದು ಸೌಟು ಸಾರು ಬಡಿಸಿದಳು. ಅಪ್ಪ ಅಂಗಡಿಯೇ ಬೇಕು ಅಂದ. ಸೋದರಮಾವ ಅಲ್ಲೇ ಕೂತು, ಅಂಗಡಿಯನ್ನು ಸ್ಮಾರಕ ಮಾಡಬೇಕು ಅಂತ ಅರ್ಜಿ ಬರೆದ.

ಮುಂದಿನ ವಾರ ಸ್ಮಾರಕಗಳನ್ನು ನೋಡಿಕೊಳ್ಳುವ ಕಚೇರಿಯಿಂದ ಮೇಡಂ ಒಬ್ಬರು ಬಂದರು. ಅವರ ಹಿಂದೆ ಕ್ಯಾಮೆರಾ, ಅದರ ಹಿಂದೆ ಜುಟ್ಟಿನವರು, ಅವರ ಹಿಂದೆ ಇಡೀ ಬೀದಿ. ಮೇಡಂ ಅಪ್ಪನನ್ನು ಕೇಳಿದರು.

"ಮೇಸ್ತ್ರಿ ನೋಡೋಕೆ ಹೇಗಿದ್ರು?"

ಅಪ್ಪ ಬೆವರುತ್ತಾ ಎದುರಿನ ಸಲೂನಿನ ಕನ್ನಡಿಯ ಕಡೆ ನೋಡಿದ. ಅದರಲ್ಲಿ ಅವನೇ ಕಾಣುತ್ತಿದ್ದ. "ನನ್ನ ಹಾಗೇ ಇದ್ರು ಮೇಡಂ. ಸ್ವಲ್ಪ ದಪ್ಪ ಮೂಗು."

"ಸ್ವಭಾವ?"

"ಒಳ್ಳೇವ್ರು. ಬೈದ್ರೆ ತಿರುಗಿ ಬೈತಿರ್ಲಿಲ್ಲ. ಎಲ್ಲಾ ತಪ್ಪೂ ತಮ್ಮ ಮೇಲೇ ಹಾಕ್ಕೊಳ್ತಿದ್ರು."

ಮೇಡಂ ಫೋಟೋ ಇದೆಯೇ ಅಂದರು. ಅಪ್ಪ ಬಾಯಿ ತೆರೆಯುವ ಮೊದಲೇ ಸೋದರಮಾವ ಚೀಲದಿಂದ ಒಂದು ಫೋಟೋ ತೆಗೆದು ಕೊಟ್ಟ. ಅದು ತೀರಿಹೋದ ನಮ್ಮ ತಾತನದು, ಅಂದರೆ ಅಮ್ಮನ ಅಪ್ಪನದು. ಗ್ರಂಥಾಲಯದಲ್ಲಿ ಜವಾನನಾಗಿದ್ದ ತಾತ ಬದುಕಿಡೀ ಜನರಿಗೆ "ಶ್, ಸದ್ದು ಮಾಡಬೇಡಿ" ಅಂದವನು. ಫೋಟೋದಲ್ಲಿಯೂ ತುಟಿ ಮೇಲೆ ಬೆರಳು ಇಟ್ಟುಕೊಂಡಿದ್ದ.

"ನೋಡಿ, ನೋಡಿ!" ಜುಟ್ಟಿನವರು ಕೂಗಿದರು. "ಗುಟ್ಟು ಬಿಡಬೇಡಿ ಅಂತ ಹೇಳ್ತಾ ಇದ್ದಾರೆ!"

ಅಮ್ಮ ಜನರ ಮಧ್ಯೆ ನಿಂತು ತನ್ನ ತಮ್ಮನನ್ನು ನುಂಗುವ ಹಾಗೆ ನೋಡಿದಳು. "ಲೋ, ನಮ್ಮಪ್ಪ ಕಣೋ ಅದು!"

"ಅಕ್ಕ, ಅಪ್ಪನಿಗೂ ಒಂದು ಹೆಸರು ಬರ್ಲಿ ಬಿಡೇ," ಅಂದ ಸೋದರಮಾವ.

ಆದೇಶ ಬಂದೇಬಿಟ್ಟಿತು. ನಮ್ಮ ಅಂಗಡಿ ಎಡಗೈ ಮೇಸ್ತ್ರಿಯ ಸ್ಮಾರಕ, ಅದನ್ನು ಕೆಡವುವಂತಿಲ್ಲ. ಬೀದಿಯಲ್ಲಿ ಚಪ್ಪಾಳೆ. ಓನರ್ರು ಮೊದಲು ಎದೆ ಒತ್ತಿಕೊಂಡರು. ಆಮೇಲೆ ನೋಡಲು ಬರುವ ಜನ ಟೀ ಕುಡಿಯಬಹುದು ಅಂತ ಹೊಳೆದು, ಟೀ ಅಂಗಡಿಗೆ ಜಾಗ ಅಳೆಯಲು ಟೇಪು ಬಿಚ್ಚಿದರು. ಅಪ್ಪ ಮನೆಗೆ ಬಂದು, "ಉಳೀತು ಕಣೇ!" ಅಂತ ಅಮ್ಮನ ಮುಂದೆ ಕೂತು ಅತ್ತ. ಅಮ್ಮನೂ ಅತ್ತಳು. ನಮ್ಮ ಮನೆಯಲ್ಲಿ ಎಲ್ಲರೂ ಸಂತೋಷಕ್ಕೆ ಅತ್ತದ್ದು ನಾನು ಕಂಡಂತೆ ಅದೊಂದೇ ಸಲ.

ಬೆಳಿಗ್ಗೆ ಅಪ್ಪ ಡಬ್ಬಿ ಕಟ್ಟಿಸಿಕೊಂಡು, ನನ್ನನ್ನೂ ಕರೆದುಕೊಂಡು ಅಂಗಡಿಗೆ ಹೋದ. ಬಾಗಿಲಿಗೆ ನಮ್ಮ ಬೀಗದ ಮೇಲೆ ಇನ್ನೊಂದು ದೊಡ್ಡ ಬೀಗ. ಕಿಟಕಿಯಿಂದ ಒಳಗೆ ನೋಡಿದರೆ ಸ್ಟೂಲಿನ ಸುತ್ತ ಹಗ್ಗ, ಯಂತ್ರದ ಮೇಲೆ ಗಾಜಿನ ಪೆಟ್ಟಿಗೆ. ಹೊರಗೆ ಬೋರ್ಡು: ಮುಟ್ಟಬೇಡಿ, ಕೂರಬೇಡಿ, ಈ ಜಾಗದಲ್ಲಿ ಯಾವುದೇ ಕೆಲಸ ಮಾಡುವುದನ್ನು ನಿಷೇಧಿಸಲಾಗಿದೆ.

ಅಪ್ಪ ಬೋರ್ಡು ಓದಿದ. ನನ್ನಿಂದಲೂ ಓದಿಸಿದ. ನಾನು ಓದಿದರೂ ಅದು ಅದನ್ನೇ ಹೇಳುತ್ತಿತ್ತು.

"ನನ್ನ ಸ್ಪ್ಯಾನರ್ ಒಳಗಿದೆ," ಅಂದ ಅಪ್ಪ.

ಅಲ್ಲಿಂದ ನೇರ ಮೇಡಂ ಕಚೇರಿಗೆ ಹೋದೆವು. ಅಪ್ಪ ಚಪ್ಪಲಿ ಕಳಚಿ ಒಳಗೆ ಹೋಗಿ ನಿಂತು, ಹುಟ್ಟಿದ ಮೇಲೆ ಮೊದಲನೇ ಸಲ ಹೇಳಿದ.

"ಮೇಡಂ, ನಾನೇ ಮೇಸ್ತ್ರಿ."

ಮೇಡಂ ಕನ್ನಡಕ ತೆಗೆದು ನಿಟ್ಟುಸಿರು ಬಿಟ್ಟರು. "ಗೊತ್ತಿತ್ತು. ಯಾವ ಸ್ಮಾರಕ ಮಾಡಿದ್ರೂ ಹೀಗೆ ಒಬ್ಬರು ಬರ್ತಾರೆ. ನಿನ್ನೆ ತಾನೇ ಇನ್ನೊಬ್ಬ ಮೇಸ್ತ್ರಿ ಬಂದು ಹೋದ್ರು. ಅವರು ನಿಮಗಿಂತ ಚೆನ್ನಾಗಿ ಅಳ್ತಿದ್ರು."

"ಇಲ್ಲ ಮೇಡಂ, ದೇವರಾಣೆ. ಆ ಕಾಯಿಲ್ ನಾನೇ ಸುತ್ತಿದ್ದು."

"ಮತ್ತೆ ಅವತ್ತು ಮೇಸ್ತ್ರಿ ಇಲ್ಲ ಅಂದ್ರಲ್ಲ?"

"ಅದು ನಾನು ಯಾವಾಗ್ಲೂ ಹೇಳೋದು ಮೇಡಂ. ನಾನು ಇದ್ದಾಗ್ಲೇ ಹೇಳೋದು."

ಇದನ್ನು ಅರ್ಥಮಾಡಿಕೊಳ್ಳಲು ಮೇಡಂ ಪ್ರಾಮಾಣಿಕವಾಗಿ ಪ್ರಯತ್ನಪಟ್ಟರು. ಅದು ಅವರ ಮುಖದಲ್ಲಿ ಕಾಣುತ್ತಿತ್ತು. ಕೊನೆಗೆ ಸಮಿತಿಯ ಮುಂದೆ ಸುತ್ತಿ ತೋರಿಸಿ ಅಂದರು.

ಸಮಿತಿಯ ದಿನ ಅಮ್ಮನೂ ಬಂದಳು, ಕಂಕುಳಲ್ಲಿ ಒಂದು ಚೀಲ ಇಟ್ಟುಕೊಂಡು. ಉದ್ದ ಮೇಜಿನ ಆ ಕಡೆ ಮೇಡಂ, ಜುಟ್ಟಿನವರು, ಮತ್ತೆ ನಿದ್ದೆ ಬಂದ ಹಾಗಿದ್ದ ಹಿರಿಯರೊಬ್ಬರು. ಈ ಕಡೆ ನಾವು. ಮೊದಲು ಮೇಡಂ ತಾತನ ಫೋಟೋ ಮುಂದಿಟ್ಟರು.

"ನೀವೇ ಮೇಸ್ತ್ರಿ ಆದ್ರೆ ಇದು ಯಾರು?"

"ಅದು ನನ್ನ ಹೆಂಡತಿ ಅಪ್ಪ ಮೇಡಂ."

"ಅಂದ್ರೆ ಮೇಸ್ತ್ರಿ ನಿಮ್ಮ ಹೆಂಡತಿ ಅಪ್ಪನೂ ಹೌದು, ನೀವೂ ಹೌದು?"

ನಿದ್ದೆಯ ಹಿರಿಯರು ಎಚ್ಚರಗೊಂಡು ಅಮ್ಮನ ಕಡೆ ಗಾಬರಿಯಿಂದ ನೋಡಿದರು.

ಅಮ್ಮ ಇನ್ನು ಸಹಿಸಲಿಲ್ಲ. ಚೀಲದಿಂದ ತನ್ನ ನೇರಳೆ ಲಂಗ ತೆಗೆದು ಮೇಜಿನ ಮೇಲೆ ಹರಡಿದಳು. "ನೋಡ್ರೀ! ಆ ದಾರ ಇದರದ್ದು! ಇಲ್ಲಿ ಹೊಲಿಗೆ ಬಿಚ್ಚಿರೋದು ಕಾಣಲ್ವಾ? ಮೂರು ಜನ ಓದಿದೋರು ಕೂತಿದ್ದೀರಿ, ಒಂದು ಲಂಗ ಗುರುತಿಸೋಕೆ ಆಗಲ್ವಾ?"

ಜುಟ್ಟಿನವರು ಭೂತಗನ್ನಡಿ ಹಿಡಿದು ಲಂಗದ ಮೇಲೆ ಬಗ್ಗಿದರು. ತುಂಬಾ ಹೊತ್ತು ನೋಡಿದರು. "ದಾರ ಅದೇ," ಅಂದರು. ಅಮ್ಮ ಗೆದ್ದೆ ಅನ್ನುವ ಹಾಗೆ ಅಪ್ಪನ ಕಡೆ ನೋಡಿದಳು. "ಅಂದ್ರೆ ಮೇಸ್ತ್ರಿ ಬಳಸಿದ ದಾರದ ಇನ್ನೊಂದು ಮಾದರಿ ಇವರ ಮನೆಯಲ್ಲಿ ಉಳಿದಿದೆ. ಇದು ಜನರ ಮನೆಯಲ್ಲಿರಬಾರದು."

ಲಂಗವನ್ನು ಮಡಿಸಿ ಸ್ಮಾರಕಕ್ಕೆ ತೆಗೆದಿಟ್ಟುಕೊಂಡರು. ಅಮ್ಮನಿಗೆ ಒಂದು ರಸೀತಿ ಕೊಟ್ಟರು.

ಆಮೇಲೆ ಸುತ್ತುವ ಪರೀಕ್ಷೆ. ಅಪ್ಪ ತನ್ನ ಯಂತ್ರ ಬೇಕು ಅಂದ. ಅದು ಗಾಜಿನೊಳಗಿದೆ, ಮುಟ್ಟುವಂತಿಲ್ಲ ಅಂದರು. ಹೊಸ ಯಂತ್ರ ತರಿಸಿದ್ದರು. ಗುಂಡಿ ಒತ್ತಿದರೆ ತಾನೇ ತಿರುಗುವಂಥದ್ದು, ಬಲಕ್ಕೆ ಮಾತ್ರ. ಅಪ್ಪನ ಎಡಗೈಗೆ ಮಾಡಲು ಕೆಲಸವೇ ಇರಲಿಲ್ಲ. ಅದು ತೊಡೆಯ ಮೇಲೆ ಕೂತು ಸುಮ್ಮನೆ ತಿರುಗುತ್ತಿತ್ತು. ಮಾತಾಡಿಸಲು ಬೀದಿ ಇಲ್ಲ, ಬೈಯಲು ಗಿರಾಕಿ ಇಲ್ಲ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಆ ಭಯಕ್ಕೆ ಅಪ್ಪ ಜೀವಮಾನದಲ್ಲೇ ಮೊದಲ ಸಲ ನೀಟಾಗಿ ಸುತ್ತಿದ. ಗುಡ್ಡವಿಲ್ಲ, ಹಳ್ಳವಿಲ್ಲ. ಎಳೆಗೆ ಎಳೆ ಅಂಟಿ ಕೂತಿತ್ತು. ಅಂಥ ಕಾಯಿಲ್ ನಮ್ಮ ಅಂಗಡಿಯಿಂದ ಯಾವತ್ತೂ ಹೊರಬಿದ್ದಿರಲಿಲ್ಲ.

ಅದನ್ನು ಇನ್ನೊಂದು ಗಿಟಾರಿಗೆ ಜೋಡಿಸಿ ಮೀಟಿದರು. ಸ್ಪಷ್ಟವಾದ, ಸ್ವಚ್ಛವಾದ ದನಿ. ಎಮ್ಮೆಯ ಸುಳಿವೇ ಇಲ್ಲ.

ಜುಟ್ಟಿನವರು ಕಣ್ಣು ಮುಚ್ಚಿ ಕೇಳಿದರು. "ಇದರಲ್ಲಿ ತಪ್ಪೇ ಇಲ್ಲ," ಅಂದರು ಬೇಸರದಿಂದ. "ಅದೇ ಇದರ ತಪ್ಪು."

"ಸಾರ್, ಮಾತಾಡ್ತಾ ಸುತ್ತಿದ್ರೆ ಕೆಟ್ಟದಾಗಿ ಬರುತ್ತೆ ಸಾರ್! ಇನ್ನೊಂದು ಅವಕಾಶ ಕೊಡಿ, ಖಂಡಿತ ಕೆಡಿಸ್ತೀನಿ!" ಅಪ್ಪ ಕೈ ಮುಗಿದ.

"ಮಹಾತ್ಮರನ್ನು ಅನುಕರಿಸಬಹುದು," ಅಂದರು ಜುಟ್ಟಿನವರು, ಅಪ್ಪನ ಹೆಗಲ ಮೇಲೆ ಕೈ ಇಟ್ಟು. ಅವರಿಗೆ ನಿಜವಾಗಿಯೂ ಕನಿಕರವಿತ್ತು. "ಆಗೋಕೆ ಆಗಲ್ಲ. ನೀವು ಅವರ ಪಕ್ಕದಲ್ಲಿ ಕೂತು ಕೆಲಸ ಮಾಡಿದ್ರಿ. ಅಷ್ಟು ಸಾಲದೇ?"

ಕೊನೆಯ ಸಾಕ್ಷಿ ಸಲೂನಿನವನು. ಸ್ಮಾರಕದ ಗೋಡೆಯ ಮೇಲೆ 'ಗಿಟಾರಿನ ಸಂರಕ್ಷಕರು' ಅಂತ ಅವನ ಫೋಟೋ ಹಾಕಿದ್ದರು. ಅದಕ್ಕಾಗಿ ತನ್ನ ಕ್ಷೌರವನ್ನು ಇನ್ನೊಬ್ಬರ ಸಲೂನಿನಲ್ಲಿ ಮಾಡಿಸಿಕೊಂಡಿದ್ದ.

"ಇವರನ್ನು ಗುರುತಿಸ್ತೀರಾ?" ಮೇಡಂ ಕೇಳಿದರು.

ಸಲೂನಿನವನು ಅಪ್ಪನನ್ನು ನೋಡಿದ. ಅಪ್ಪ ಅವನನ್ನು ನೋಡಿದ. ಎಷ್ಟೋ ವರ್ಷ ಒಂದೇ ರಸ್ತೆಯ ಆಚೆ ಈಚೆ ಕೂತು, ಒಂದೇ ಟೀಯನ್ನು ಎರಡು ಲೋಟ ಮಾಡಿಕೊಂಡು ಕುಡಿದವರು.

"ಗೊತ್ತು ಮೇಡಂ," ಅಂದ ಸಲೂನಿನವನು, ನೆಲ ನೋಡುತ್ತಾ. "ಇವರು ಫ್ಯಾನ್ ರಿಪೇರಿಯವರು."

ಅದು ಸುಳ್ಳಲ್ಲ. ನಮ್ಮ ಕಥೆಯಲ್ಲಿ ಯಾರೂ ಸುಳ್ಳು ಹೇಳಲೇ ಇಲ್ಲ ಅನ್ನುವುದೇ ದೊಡ್ಡ ಕಷ್ಟ.

ಆಮೇಲೆ ಅಪ್ಪ ಸುಮಾರು ದಿನ ಮನೆಯ ಜಗಲಿಯಲ್ಲಿ ಕೂತ. ಎಡಗೈ ತಾನೇ ತಾನಾಗಿ ಗಾಳಿಯಲ್ಲಿ ತಿರುಗುತ್ತಿತ್ತು. ಅಮ್ಮ ಅದನ್ನು ಹಿಡಿದು ನಿಲ್ಲಿಸುತ್ತಿದ್ದಳು. ಬಿಟ್ಟರೆ ಮತ್ತೆ ತಿರುಗುತ್ತಿತ್ತು. ಬೇರೆ ಅಂಗಡಿ ಹುಡುಕಿದೆವು. ಎಲ್ಲರೂ ಕೇಳುತ್ತಿದ್ದದ್ದು ಒಂದೇ: "ಹಿಂದೆ ಎಲ್ಲಿ ಕೆಲಸ ಮಾಡ್ತಿದ್ರಿ?" ಹೇಳಿದರೆ, "ಓ, ಅಷ್ಟು ದೊಡ್ಡ ಮೇಸ್ತ್ರಿ ಹತ್ರ ಇದ್ದೋರಿಗೆ ನಾವು ಏನು ಕೆಲಸ ಕೊಡೋಣ!" ಎಂದು ಗೌರವದಿಂದ ಕಳಿಸಿಕೊಡುತ್ತಿದ್ದರು.

ಕೊನೆಗೆ ಸೋದರಮಾವನೇ ಓಡಾಡಿ ಅರ್ಜಿ ಹಾಕಿ, ಅಪ್ಪನಿಗೆ ಒಂದು ಕೆಲಸ ಕೊಡಿಸಿದ. ಸ್ಮಾರಕದ ಕಾವಲುಗಾರ.

"ಭಾವ, ಕೊನೆಗೂ ನಿಮ್ಮ ಅಂಗಡೀಲೇ ಕೂತ ಹಾಗಾಯ್ತಲ್ಲ," ಅಂದ.

ಕೂತ ಹಾಗಾಗಲಿಲ್ಲ. ಅಲ್ಲಿ ಇದ್ದದ್ದು ಒಂದೇ ಸ್ಟೂಲು, ಅದು ಹಗ್ಗದೊಳಗೆ. ಅಪ್ಪ ದಿನವಿಡೀ ನಿಂತೇ ಇರುತ್ತಾನೆ. ಕೊಟ್ಟ ಟೋಪಿ ಅವನ ತಲೆಗೆ ದೊಡ್ಡದು, ಕಣ್ಣಿನವರೆಗೆ ಇಳಿಯುತ್ತದೆ. ಮೂಲೆಯಲ್ಲಿ ಬಿಗಿದ ಕಾವಲು ಕ್ಯಾಮೆರಾ ಅವನ ಕೈಯನ್ನೇ ನೋಡುತ್ತಿರುತ್ತದೆ. ಗೋಡೆಯ ಮೇಲೆ ತಾತನ ಫೋಟೋ, ಅದರ ಕೆಳಗೆ ಗಾಜಿನೊಳಗೆ ಅಮ್ಮನ ಲಂಗ. ಅದರ ಪಕ್ಕದ ಕಲ್ಲಿನ ಮೇಲೆ ದೊಡ್ಡ ಅಕ್ಷರಗಳಲ್ಲಿ ಮೇಸ್ತ್ರಿಯ ಕೊನೆಯ ಮಾತು ಕೆತ್ತಿದ್ದಾರೆ: ನಾಳೆ ಬನ್ನಿ.

ಜುಟ್ಟಿನವರು ಶನಿವಾರಗಳಲ್ಲಿ ಬಂದು ಹಗ್ಗದ ಮುಂದೆ ನೆಲದ ಮೇಲೆ ಕೂರುತ್ತಾರೆ. "ಇನ್ನೂ ಏನಾದ್ರೂ ಹೇಳಿ ಅವರ ಬಗ್ಗೆ," ಅಂತ ಅಪ್ಪನನ್ನು ಕೇಳುತ್ತಾರೆ. ಅಪ್ಪ ಹೇಳುತ್ತಾನೆ. ಮೇಸ್ತ್ರಿಗೆ ಬೇಸಿಗೆಯಲ್ಲಿ ಬೆನ್ನು ಬೆವರುತ್ತಿತ್ತು, ಅಂಗಡಿ ತುಂಬ ಫ್ಯಾನಿದ್ದರೂ ಒಂದನ್ನೂ ತಮಗೆ ಅಂತ ಹಾಕಿಕೊಳ್ಳುತ್ತಿರಲಿಲ್ಲ ಅನ್ನುತ್ತಾನೆ. ಮೇಸ್ತ್ರಿಗೆ ಒಬ್ಬಳು ಮಗಳಿದ್ದಳು, ಪೇಪರ್ ಬಹಳ ನೇರವಾಗಿ ಕತ್ತರಿಸುತ್ತಿದ್ದಳು ಅನ್ನುತ್ತಾನೆ. ಜುಟ್ಟಿನವರು, "ಅವಳು ಈಗ ಎಲ್ಲಿದ್ದಾಳೋ!" ಅಂತ ನಿಟ್ಟುಸಿರು ಬಿಡುತ್ತಾರೆ. ಊಟದ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತ ನನ್ನನ್ನು ದಾಟಿಕೊಂಡು ಹೋಗುತ್ತಾರೆ.

ಮೊನ್ನೆ ನಾನು ಡಬ್ಬಿ ತೆಗೆದುಕೊಂಡು ಹೋದಾಗ ವಯಸ್ಸಾದ ಹೆಂಗಸೊಬ್ಬರು ಟೇಬಲ್ ಫ್ಯಾನನ್ನು ಮಗುವಿನ ಹಾಗೆ ತಬ್ಬಿಕೊಂಡು ಒಳಗೆ ಬಂದರು. ನಮ್ಮ ಹಳೆಯ ಗಿರಾಕಿ. ಟೋಪಿಯ ಕೆಳಗಿನ ಅಪ್ಪನ ಗುರುತು ಅವರಿಗೆ ಸಿಗಲಿಲ್ಲ.

"ಮೇಸ್ತ್ರಿ ಇದ್ದಾರಾಪ್ಪ?"

ಅಪ್ಪ ಫ್ಯಾನನ್ನು ನೋಡಿದ. ತನ್ನದೇ ಕೆಲಸ ಅಂತ ನೋಡಿದ ಕೂಡಲೇ ಗೊತ್ತಾಯಿತು.

"ಇಲ್ಲಿ ಸುತ್ತಿಸಿಕೊಂಡು ಹೋಗಿದ್ದು. ಮನೆಗೆ ಹೋಗಿ ಹಾಕಿದ್ರೆ ಗ್ವಾಡೆ ಕಡೆಗೆ ಗಾಳಿ ಬೀಸುತ್ತೆ. ನಮ್ಮನೆಯವ್ರು ಹಾಸಿಗೆ ಹಿಡಿದಿದ್ದಾರೆ, ಸೆಕೆ ತಡೆಯಲ್ಲ ಅಂತಾರೆ. ಅವ್ರ ಮಂಚಾನೇ ಫ್ಯಾನಿನ ಹಿಂದಕ್ಕೆ ಎಳೆದು ನೋಡಿದ್ವಿ, ಗಾಳಿ ಬರಲ್ಲ. ಸ್ವಲ್ಪ ಸರಿ ಮಾಡಿಸಿಕೊಡಪ್ಪ."

ಎರಡು ತಂತಿ ಅದಲು ಬದಲು ಮಾಡಬೇಕು, ಅಷ್ಟೇ. ನಾನೂ ಮಾಡಬಲ್ಲೆ. ಅಪ್ಪನ ಎಡಗೈ ತಾನೇ ಮೇಲೆದ್ದಿತು. ಮೂಲೆಯ ಕ್ಯಾಮೆರಾ ಕತ್ತು ತಿರುಗಿಸಿತು. ಸ್ಕ್ರೂಡ್ರೈವರ್ ಗಾಜಿನೊಳಗೆ ಇತ್ತು, 'ಮೇಸ್ತ್ರಿಯ ಆಯುಧ' ಅನ್ನುವ ಚೀಟಿಯ ಪಕ್ಕ. ಕೈ ಕೆಳಗಿಳಿಯಿತು.

"ಮೇಸ್ತ್ರಿ ಇಲ್ಲಮ್ಮ," ಅಂದ ಅಪ್ಪ.

"ಯಾವಾಗ ಬರ್ತಾರೆ?"

ಬಾಯಿಗೆ ಅಷ್ಟು ಅಭ್ಯಾಸವಾದ ಉತ್ತರ ಆವತ್ತು ಬರಲಿಲ್ಲ. ಅಪ್ಪನ ತುಟಿ ಅಲ್ಲಾಡಿತು, ಟೋಪಿ ಇನ್ನೊಂದಿಷ್ಟು ಕೆಳಗೆ ಸರಿಯಿತು. ಹೆಂಗಸು ಕಾದರು. ಆಮೇಲೆ ಕಣ್ಣು ಕಿರಿದು ಮಾಡಿಕೊಂಡು ಗೋಡೆಯ ಕಲ್ಲನ್ನು ನಿಧಾನವಾಗಿ, ಅಕ್ಷರ ಕೂಡಿಸಿ ಓದಿದರು.

"ಓ, ಬರೆದಿಟ್ಟೇ ಹೋಗಿದ್ದಾರಲ್ಲ," ಅಂದರು. ಫ್ಯಾನನ್ನು ಸೊಂಟಕ್ಕೆ ಏರಿಸಿಕೊಂಡರು. "ಸರಿ ಹಾಗಾದ್ರೆ. ನಾಳೆ ಬರ್ತೀನಿ."

ಮಾರನೇ ದಿನ ಬಂದರು.